ಟೈಮಪ್ಪನವರ ಪೆಟ್ಟಿಗೆಯಲ್ಲಿ ಹೆಬ್ಬಾವುಗಳು

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಸರಸರನೆ ಇಳಿದಾಗ ಮೊದಲು ಚಪ್ಪಾಳೆ ತಟ್ಟಿದವರು ಟಯರ್ ವಿಭಾಗದವರು. ಅವರ ತಪ್ಪೇನಿಲ್ಲ. ಬಸ್ ಕಂಪನಿಯ ಸಭೆಯಲ್ಲಿ ಪರದೆಯ ಮೇಲೆ ಏನಾದರೊಂದು ಕಾಣಿಸಿಕೊಂಡರೆ ಅದು ಯಶಸ್ಸೇ ಇರಬೇಕೆಂದು ಅವರು ಪಾಪ ನಂಬಿಕೊಂಡು ಬಂದಿದ್ದರು. ಅವರನ್ನು ನೋಡಿ ಟಿಕೆಟ್ ವಿಭಾಗದವರು ತಟ್ಟಿದರು. ಟಿಕೆಟ್ ವಿಭಾಗದವರನ್ನು ನೋಡಿ ಇಡೀ ಸಭಾಂಗಣ ತಟ್ಟಿತು. ಪರದೆಗೆ ಬೆನ್ನು ಮಾಡಿ ನಿಂತಿದ್ದ ಟೈಮಪ್ಪನವರು ಎದೆಯ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಂದಿಸಿದರು. ವಂದಿಸಿ ಮೇಲೆದ್ದು, ಇಷ್ಟು ಜನ ಮೆಚ್ಚಿದ್ದನ್ನು ತಾವೂ ಒಮ್ಮೆ ನೋಡೋಣವೆಂದು ತಿರುಗಿದರು. ಪರದೆಯ ಕೊನೆಯ ಸಾಲು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದರ ಸಾರಾಂಶ ಇಷ್ಟೇ: ನೀವು ಕೇಳಿದ ಮಾಡ್ಯೂಲ್ ಇಲ್ಲಿ ಇಲ್ಲ.

"ಏನಂತೆ?" ಎಂದರು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿದ್ದ ದೊಡ್ಡ ಸಾಹೇಬರು.

"ಮಾಡ್ಯೂಲ್ ಇಲ್ವಂತೆ, ಸರ್."

"ಹಾಗಂದ್ರೆ? ಇದು ಹೊಸ ವೇಳಾಪಟ್ಟಿ ಅಲ್ವಾ?"

"ಅಲ್ಲ ಸರ್. ವೇಳಾಪಟ್ಟಿ ಬರಲ್ಲ ಅಂತ ಹೇಳ್ತಿದೆ ಸರ್ ಇದು."

"ಮತ್ತೆ ನೀವ್ಯಾಕ್ರೀ ನಮಸ್ಕಾರ ಮಾಡಿದ್ರಿ?"

ಚಪ್ಪಾಳೆ ಬಿದ್ದಾಗ ಯಾಕೆ ಅಂತ ಕೇಳುವ ಅಭ್ಯಾಸ ಮನುಷ್ಯನಿಗೆ ಇನ್ನೂ ಬಂದಿಲ್ಲ.

ಟೈಮಪ್ಪ ಎಂಬುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸು ಇಟ್ಟದ್ದು. ಕಂಪನಿಯ ಎಲ್ಲ ಬಸ್ಸುಗಳ ವೇಳಾಪಟ್ಟಿ ಹಾಕುವುದು ಅವರ ಕೆಲಸ. ಯಾವ ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಹೊರಟು ಎಲ್ಲಿಗೆ ಎಷ್ಟು ಹೊತ್ತಿಗೆ ತಲುಪಬೇಕೆಂದು ಊರಿಗೆಲ್ಲ ಹೇಳುವ ಈ ಮನುಷ್ಯ ಸ್ವತಃ ಆಫೀಸಿಗೆ ತಡವಾಗಿ ಬರುತ್ತಿದ್ದರಾದ್ದರಿಂದ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಕೇಳಿದರೆ, "ಬಸ್ ಲೇಟು ಕಣ್ರೀ" ಅನ್ನುತ್ತಿದ್ದರು. ಎಂದಿನಿಂದಲೋ ಹಲಗೆಯ ಮೇಲೆ ಬಣ್ಣದ ಚೀಟಿ ಅಂಟಿಸಿ ಪಟ್ಟಿ ಹಾಕುತ್ತಿದ್ದವರಿಗೆ ನಡುವಯಸ್ಸಿನಲ್ಲಿ ಒಂದು ಹುಚ್ಚು ಹಿಡಿಯಿತು. ಸಂಜೆ ತರಗತಿಗೆ ಸೇರಿ, ತಮ್ಮ ಮಗಳ ವಯಸ್ಸಿನ ಮೇಷ್ಟರಿಂದ ಬೈಸಿಕೊಂಡು, ಪೈಥಾನ್ ಕಲಿತರು. ಪೈಥಾನ್ ಅಂದರೆ ಹೆಬ್ಬಾವು ನಿಜ, ಆದರೆ ಇಲ್ಲಿ ಅದು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ಆ ಭಾಷೆಯಲ್ಲಿ ಅವರು ಬರೆದ ಪ್ರೋಗ್ರಾಮು ಚೀಟಿ, ಹಲಗೆ, ಅಂಟು ಯಾವುದೂ ಇಲ್ಲದೆ ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಹಾಕುತ್ತಿತ್ತು. ಅದೂ ಎಂಥ ಪಟ್ಟಿ! ಆಸ್ಪತ್ರೆಯ ಮುಂದಿನಿಂದ ಹೊರಡುವ ಕೊನೆಯ ಬಸ್ಸು, ಆಸ್ಪತ್ರೆಯ ಪಾಳಿ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಖಾಲಿಯಾಗಿ ಹೋಗಿಬಿಡುವ ಹಳೆಯ ಕಾಯಿಲೆಯೂ ಅದರಲ್ಲಿ ವಾಸಿಯಾಗಿತ್ತು. ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಟೈಮಪ್ಪನವರ ಹೆಂಡತಿ ಆ ಕಾಯಿಲೆಯ ಹಳೆಯ ರೋಗಿ. "ಊರಿಗೆಲ್ಲ ಬಸ್ ಬಿಡೋ ಗಂಡ ಇದ್ದೂ ನಾನು ನಡ್ಕೊಂಡೇ ಬರ್ಬೇಕು" ಎಂದು ಆಕೆ ಚಪ್ಪಲಿ ಬಿಡುವಾಗ ದಿನಾ ಹೇಳುವುದಿತ್ತು.

ಅಂಥ ಪ್ರೋಗ್ರಾಮು ತುಂಬಿದ ಸಭೆಯಲ್ಲಿ ಕೈಕೊಟ್ಟಿತ್ತು.

"ಒಂದ್ನಿಮಿಷ ಸರ್. ಇಲ್ಲ ಅಂತಿದೆಯಲ್ಲ, ಈಗ್ಲೇ ಹಾಕ್ಬಿಡ್ತೀನಿ" ಎಂದು ಟೈಮಪ್ಪನವರು ಬೆವರು ಒರೆಸಿಕೊಳ್ಳುತ್ತ ಕೀಲಿಮಣೆಗೆ ಬಗ್ಗಿದರು. ಮಾಡ್ಯೂಲ್ ಅಂದರೆ ಬೇರೆ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಕೆಲಸದ ತುಣುಕು. ನಾವು ಕರೆದಾಗ ಬಂದು ಮಾಡಿಕೊಟ್ಟು ಹೋಗಬೇಕು. ಅದನ್ನು ತಂದು ಒಳಗಿಡುವುದಕ್ಕೆ ಕಂಪ್ಯೂಟರಿನೊಳಗೇ ಪಿಪ್ ಎಂಬ ಇನ್ನೊಬ್ಬ ಆಳು ಇರುತ್ತಾನೆ. ಟೈಮಪ್ಪನವರು ಪಿಪ್‌ಗೆ ಹೇಳಿದರು. ಪಿಪ್ ಹೇಳಿದ: ಈಗಾಗಲೇ ಇದೆಯಲ್ಲ. ಟೈಮಪ್ಪನವರಿಗೆ ಜೀವ ಬಂತು. ಮತ್ತೆ ಪೈಥಾನನ್ನು ಎಬ್ಬಿಸಿದರು. ಪೈಥಾನ್ ಹೇಳಿತು: ಇಲ್ಲ.

"ಇದೆ ಅಂತೀರೋ, ಇಲ್ಲ ಅಂತೀರೋ?" ಎಂದರು ದೊಡ್ಡ ಸಾಹೇಬರು.

"ಎರಡೂ ಅಂತಿದೆ ಸರ್."

"ನಮ್ಮ ಸ್ಟೋರಿನವರ ಥರಾನೇ ಕಲ್ತಿದೆ ಬಿಡಿ" ಎಂದಿತು ಟಯರ್ ವಿಭಾಗದ ಒಂದು ಧ್ವನಿ. ಸಭಾಂಗಣ ನಕ್ಕಿತು. ಸ್ಟೋರಿನವರು ಮಾತ್ರ ನಗಲಿಲ್ಲ.

ದೊಡ್ಡ ಸಾಹೇಬರು ಎದ್ದು ನಿಂತರು. ಅವರು ಎದ್ದರೆ ತೀರ್ಪು ಬಂತೆಂದೇ ಅರ್ಥ.

"ಮುಂದಿನ ಗುರುವಾರ ಇನ್ನೊಂದು ಸಭೆ ಇದೆ. ಅವತ್ತು ನಾನೇ ಬಂದು ಟೈಪ್ ಮಾಡ್ತೀನಿ. ನಾನೂ ಒಂದು ಕಾಲದಲ್ಲಿ ಪೈಥಾನ್ ಆಡಿಸ್ದವ್ನೇ. ಅವತ್ತು ಬಂದ್ರೆ ಬಂತು. ಬರ್ಲಿಲ್ವೋ, ಆ ಹಳೇ ಹಲಗೆ, ಚೀಟಿ ಎಲ್ಲಾ ಹೊರಗೆ ತೆಗೀರಿ, ಯಾರಾದ್ರೂ ಹುಡುಗರು ಮಾಡ್ಲಿ. ನಿಮಗೇನೂ ತೊಂದ್ರೆ ಇಲ್ಲ ಟೈಮಪ್ಪ. ಕೆಳಗಡೆ ಕಳೆದ ವಸ್ತುಗಳ ಕೌಂಟರ್ ಖಾಲಿ ಇದೆ."

ಕಳೆದ ವಸ್ತುಗಳ ಕೌಂಟರು ನೆಲಮಾಳಿಗೆಯಲ್ಲಿತ್ತು. ಬಸ್ಸುಗಳಲ್ಲಿ ಜನ ಮರೆತುಹೋದ ಛತ್ರಿ, ಒಂಟಿ ಚಪ್ಪಲಿ, ಊಟದ ಡಬ್ಬಿ, ಒಮ್ಮೊಮ್ಮೆ ಹಲ್ಲಿನ ಸೆಟ್ಟು ಅಲ್ಲಿಗೆ ಬರುತ್ತಿದ್ದವು. ಛತ್ರಿಗಳನ್ನಾದರೂ ಯಾರಾದರೂ ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು. ಅಲ್ಲಿಗೆ ಕಳಿಸಿದ ನೌಕರರನ್ನು ಈವರೆಗೆ ಯಾರೂ ಕೇಳಿಕೊಂಡು ಬಂದಿರಲಿಲ್ಲ.

ಟೈಮಪ್ಪನವರು ಕಂಪ್ಯೂಟರನ್ನು ತಳ್ಳುಗಾಡಿಯ ಮೇಲಿಟ್ಟುಕೊಂಡು ತಮ್ಮ ವಿಭಾಗಕ್ಕೆ ವಾಪಸಾದರು. ಆ ಕೋಣೆಯನ್ನು ಒಮ್ಮೆ ನೋಡಬೇಕು. ಉದ್ದನೆಯ ಗೋಡೆಯ ತುಂಬ ಗಡಿಯಾರಗಳು. ವಿಭಾಗಕ್ಕೆ ಹೊಸದಾಗಿ ಬಂದ ಪ್ರತಿ ಮುಖ್ಯಸ್ಥರೂ ಒಂದೊಂದು ಗಡಿಯಾರ ಕೊಟ್ಟು ಹೋಗುವುದು ಅಲ್ಲಿನ ಪದ್ಧತಿ. ಮೊದಲಿನವರದನ್ನು ತೆಗೆಯುವುದು ಅವಮಾನವೆಂದು ಪಕ್ಕದಲ್ಲೇ ಮೊಳೆ ಹೊಡೆದು ಹೊಸದನ್ನು ತೂಗುಹಾಕುತ್ತಿದ್ದರು. ಯಾವ ಎರಡು ಗಡಿಯಾರಗಳಲ್ಲೂ ಒಂದೇ ಸಮಯ ಇರಲಿಲ್ಲ. ಬೆಳಿಗ್ಗೆ ಬರುವಾಗ ನಿಧಾನಕ್ಕೆ ಓಡುವ ಗಡಿಯಾರವನ್ನೂ ಸಂಜೆ ಹೋಗುವಾಗ ಮುಂದೆ ಓಡುವ ಗಡಿಯಾರವನ್ನೂ ನೋಡಿಕೊಂಡು ನೌಕರರು ನೆಮ್ಮದಿಯಾಗಿದ್ದರು. ಸಾಲಿನ ಮೊದಲ ಗಡಿಯಾರ ದೊಡ್ಡ ಸಾಹೇಬರು ಹಿಂದೆ ಇದೇ ವಿಭಾಗದ ಮುಖ್ಯಸ್ಥರಾಗಿದ್ದಾಗ ಕೊಟ್ಟದ್ದು. ಅದು ನಿಂತುಹೋಗಿ ಯಾವ ಕಾಲವಾಗಿತ್ತೋ. ಆದರೂ ಸಾಹೇಬರು ಕೋಣೆಗೆ ಬಂದು "ಟೈಮೆಷ್ಟು?" ಎಂದು ಕೇಳಿದಾಗ ಎಲ್ಲರೂ ಅದರ ಕಡೆಯೇ ಕತ್ತೆತ್ತುತ್ತಿದ್ದರು.

ಗಡಿಯಾರದ ಜತೆಗೆ ದೊಡ್ಡ ಸಾಹೇಬರು ಆ ಕಾಲದಲ್ಲಿ ಇನ್ನೊಂದು ಕಾಣಿಕೆಯನ್ನೂ ಕೊಟ್ಟಿದ್ದರು. ಅದು ಕಂಪ್ಯೂಟರಿನೊಳಗಿತ್ತು. ಅದರ ವಿಷಯ ಸದ್ಯಕ್ಕೆ ವಿಭಾಗದಲ್ಲಿ ಯಾರಿಗೂ ನೆನಪಿರಲಿಲ್ಲ.

ಟೈಮಪ್ಪನವರ ಚಿಕಿತ್ಸಾ ವಿಧಾನ ಒಂದೇ. ಒಂದು ವಸ್ತು ಕೆಲಸ ಮಾಡದಿದ್ದರೆ ಅದೇ ಥರದ್ದು ಇನ್ನೊಂದು ತಂದು ಪಕ್ಕದಲ್ಲಿಡುವುದು. ಮನೆಯಲ್ಲಿ ಟಿವಿಯ ಮುಂದೆ ರಿಮೋಟುಗಳ ಒಂದು ಕುಟುಂಬವೇ ವಾಸವಾಗಿತ್ತು. ಇಲ್ಲಿಯೂ ಹಾಗೇ. ಪೈಥಾನ್ ಸರಿಯಿಲ್ಲವೆಂದು ಮೊದಲಿದ್ದುದನ್ನು ಹಾಗೇ ಬಿಟ್ಟು, ಇನ್ನೊಂದು ಪೈಥಾನ್ ಹಾಕಿದರು. ಓಡಿಸಿದರು. ಇಲ್ಲ ಎಂದಿತು. ಪಿಪ್‌ನನ್ನು ಕೇಳಿದರು. ಇದೆ ಎಂದ. ಆ ದಿನ ಸಂಜೆ ಮುಂದೆ ಓಡುವ ಗಡಿಯಾರವನ್ನೂ ನೋಡದೆ ಕುಳಿತು, ಕೊನೆಗೆ ಬಾಲ ಮುದುರಿಕೊಂಡು ಮನೆಗೆ ಹೋದರು.

"ಏನಾಯ್ತು ರೀ? ಚಪ್ಪಾಳೆ ಬಿತ್ತಾ?" ಎಂದರು ಹೆಂಡತಿ, ಚಪ್ಪಲಿ ಬಿಡುತ್ತ. ಆಕೆಯೂ ಆಗಷ್ಟೇ ನಡೆದು ಬಂದಿದ್ದರು.

"ಬಿತ್ತು."

"ಮತ್ಯಾಕೆ ಮುಖ ಹೀಗೆ?"

ಟೈಮಪ್ಪನವರು ನಡೆದದ್ದನ್ನೆಲ್ಲ ಹೇಳಿದರು. ವಂದಿಸಿದ್ದೊಂದನ್ನು ಬಿಟ್ಟು.

"ಕೆಳಗಡೆ ಕೌಂಟರಿಗಾ? ಅಲ್ಲಿ ಕೂತ್ರೆ ನೀವೂ ಒಂದು ಛತ್ರಿ ಆಗ್ತೀರಿ ಅಷ್ಟೇ" ಎಂದರು ಹೆಂಡತಿ. "ನನ್ನ ತಮ್ಮ ಇಲ್ವಾ ನಿಮ್ಮ ಕಂಪ್ಯೂಟರ್ ವಿಭಾಗದಲ್ಲಿ? ಅವನನ್ನ ಕೇಳೋಕೆ ಏನು ದೊಡ್ಡಸ್ತಿಕೆ ಅಡ್ಡ ಬರುತ್ತೆ?"

"ಅವನನ್ನ ಕೇಳಿದ್ರೆ ಮೊದಲು ರೀಸ್ಟಾರ್ಟ್ ಮಾಡಿ ಅಂತಾನೆ."

"ಮಾಡಿ. ಅಳಿಯ ಆಗಿ ನಮ್ಮ ಮನೆಯವರ ಮಾತು ಒಂದಾದ್ರೂ ಕೇಳಿದ ಹಾಗಾಗುತ್ತೆ."

ಮರುದಿನ ಊಟದ ಬಿಡುವಿನಲ್ಲಿ ಭಾಮೈದ ಬಂದ. ಕುತ್ತಿಗೆಯಲ್ಲಿ ಪೆನ್‌ಡ್ರೈವ್ ನೇತುಹಾಕಿಕೊಂಡು, ಡಾಕ್ಟರು ವಾರ್ಡಿಗೆ ಬಂದ ಹಾಗೆ ಬಂದ.

"ರೀಸ್ಟಾರ್ಟ್ ಮಾಡಿದ್ರಾ ಭಾವ?"

"ಮಾಡ್ದೆ ಕಣಯ್ಯ."

"ಇನ್ನೊಂದ್ಸಲ ಮಾಡಿ."

ಮಾಡಿದರು. ಕಂಪ್ಯೂಟರು ಸತ್ತು ಹುಟ್ಟುವಷ್ಟು ಹೊತ್ತು ಇಬ್ಬರೂ ಗಡಿಯಾರಗಳನ್ನು ನೋಡುತ್ತ ನಿಂತರು. ಹುಟ್ಟಿ ಬಂದ ಕಂಪ್ಯೂಟರಿಗೆ ಹಿಂದಿನ ಜನ್ಮದ ಹಟವೆಲ್ಲ ನೆನಪಿತ್ತು.

"ನಿಮ್ಮ ಪೈಥಾನ್ ಹಳೇದು ಭಾವ. ನಾನು ಒಂದು ಹಾಕ್ತೀನಿ, ಇಡೀ ಸಂಸಾರ ಸಮೇತ ಬರುತ್ತೆ. ಒಂದು ಮಾಡ್ಯೂಲ್ ಕೇಳಿದ್ರೆ ನೂರು ಕೊಡುತ್ತೆ" ಎಂದು ಭಾಮೈದ ಪೆನ್‌ಡ್ರೈವ್ ಚುಚ್ಚಿದ. ನೀಲಿ ಪಟ್ಟಿ ಆಮೆಯಂತೆ ಮುಂದೆ ಹೋಗಿ ತುಂಬಿತು. ಕೊನೆಗೆ ಕಂಪ್ಯೂಟರು ಏನೋ ಕೇಳಿತು.

"ಏನ್ ಕೇಳ್ತಿದೆ ಅದು?"

"ಪೈಥಾನ್ ಹುಡುಕೋ ಸಾಲಿನಲ್ಲಿ ಇದನ್ನ ಮೊದಲು ಕೂರಿಸ್ಲಾ ಅಂತ. ಬೇಡ ಅಂತ ಹೇಳಿ ಕೊನೇಲಿ ಕೂರ್ಸಿದೀನಿ. ನಿಮ್ಮದು ಇರೋವಾಗ ನಂದು ಮೇಲೆ ಕೂತ್ರೆ ಚೆನ್ನಾಗಿರಲ್ಲ. ಭಾವ ಅಂದ್ರೆ ಭಾವ."

ಟೈಮಪ್ಪನವರಿಗೆ ಹೆಮ್ಮೆಯಾಯಿತು. ಮಾವನ ಮನೆಯಲ್ಲಿ ತಮಗೆ ಈ ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ. ಆ ಸಂತೋಷದಲ್ಲಿ ಪ್ರೋಗ್ರಾಮು ಓಡಿಸಿದರು. ಇಲ್ಲ ಎಂದಿತು.

ಭಾಮೈದ ಪೆನ್‌ಡ್ರೈವ್ ಕಿತ್ತುಕೊಂಡು ಕುತ್ತಿಗೆಗೆ ಹಾಕಿಕೊಂಡ. "ನಿಮ್ಮ ಮಶೀನಿಗೆ ವಯಸ್ಸಾಗಿದೆ ಭಾವ."

"ನನಗೂ ಆಗಿದೆ. ನನ್ನೂ ರೀಸ್ಟಾರ್ಟ್ ಮಾಡು ಅಂತ ನಿಮ್ಮಕ್ಕನಿಗೆ ಹೇಳ್ಬೇಡ ಮತ್ತೆ."

ಹೀಗೆ ವಾರ ಕಳೆಯುತ್ತಿತ್ತು. ಕಂಪ್ಯೂಟರಿನೊಳಗೆ ಈಗ ಎಷ್ಟು ಹೆಬ್ಬಾವುಗಳಿದ್ದವೋ ಅದಕ್ಕೇ ಗೊತ್ತು. ದಾರಿನಕ್ಷೆ ಬರೆಯುವ ತಂತ್ರಾಂಶ ಬಂದಾಗ ತನ್ನದೊಂದು ಪೈಥಾನನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿತ್ತು. ಟೈಮಪ್ಪನವರು ತರಗತಿಯಲ್ಲಿ ಕಲಿಯುವಾಗ ಹಾಕಿದ್ದೊಂದು, ಸೋತ ಮೇಲೆ ಹಾಕಿದ್ದೊಂದು, ಭಾಮೈದನ ಸಂಸಾರವೊಂದು. ಎಲ್ಲವೂ ಒಂದೇ ಹೆಸರಿಟ್ಟುಕೊಂಡು ಒಂದೇ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿದ್ದವು. ಹೆಸರು ಹಿಡಿದು ಕೂಗಿದರೆ ಯಾವುದೋ ಒಂದು ತಲೆಯೆತ್ತಿ "ಏನು?" ಅನ್ನುತ್ತಿತ್ತು. ಅದು ಯಾವುದು ಅಂತ ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಬುಧವಾರ ಬೆಳಿಗ್ಗೆ ದೂರಿನ ಫೋನು ಹೊಡೆದುಕೊಂಡಿತು. ದೂರು ಕೇಳುವ ಅಕ್ಕ ರಜೆಯಲ್ಲಿದ್ದುದರಿಂದ ಟೈಮಪ್ಪನವರೇ ಎತ್ತಿಕೊಂಡರು.

"ಏನ್ರೀ, ನಿಮ್ಮ ಬಸ್ಸೇ ಬರ್ಲಿಲ್ಲ!" ಎಂದು ಒಂದು ಗಂಡು ಧ್ವನಿ ಗದರಿತು. "ಅರ್ಧ ಗಂಟೆಯಿಂದ ಮಾರ್ಕೆಟ್ ಸ್ಟಾಪಿನಲ್ಲಿ ಒಣಗ್ತಿದೀನಿ."

ಟೈಮಪ್ಪನವರು ಇನ್ನೊಂದು ಕೈಯಲ್ಲಿ ಡಿಪೋದ ಪಟ್ಟಿ ನೋಡಿದರು. "ಬಂದು ಹೋಗಿದೆಯಲ್ಲ ಸ್ವಾಮಿ. ಡ್ರೈವರು ಮಾರ್ಕೆಟ್ ಸ್ಟಾಪಿನಲ್ಲಿ ನಿಲ್ಲಿಸಿದೀನಿ ಅಂತಿದಾನೆ."

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ಇಲ್ಲ ಸ್ವಾಮಿ. ಅವನೂ ಸುಳ್ಳು ಹೇಳ್ತಿಲ್ಲ. ರಸ್ತೆಯ ಎರಡೂ ಕಡೆ ಮಾರ್ಕೆಟ್ ಸ್ಟಾಪ್ ಅಂತ್ಲೇ ಬೋರ್ಡಿದೆ. ನೀವು ಯಾವ ಕಡೆ ನಿಂತಿದೀರಿ?"

ಆ ಧ್ವನಿ, "ಥತ್" ಎಂದು ಫೋನಿಟ್ಟಿತು.

ಟೈಮಪ್ಪನವರು ರಿಸೀವರನ್ನು ಕೆಳಗಿಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕಂಪ್ಯೂಟರಿನ ಕಡೆ ನೋಡಿದರು. ಈ ಪ್ರಶ್ನೆಯನ್ನು ಅವರು ಊರಿನ ಅರ್ಧ ಜನರಿಗೆ ಕೇಳಿದ್ದಾರೆ. ಎದುರಿಗೆ ಕೂತು ವಾರವಿಡೀ "ಇಲ್ಲ, ಇಲ್ಲ" ಎಂದು ದೂರು ಹೇಳುತ್ತಿದ್ದ ಇದೊಂದಕ್ಕೆ ಕೇಳಿರಲಿಲ್ಲ.

ಕಪ್ಪು ಕಿಟಕಿ ತೆರೆದು ಕೇಳಿದರು: ಮಾರಾಯ, ನೀನು ಯಾವ ಫೋಲ್ಡರಿನಿಂದ ಮಾತಾಡ್ತಿದೀಯ? ಪೈಥಾನ್ ತನ್ನ ವಿಳಾಸ ಹೇಳಿತು. ಪಿಪ್‌ನನ್ನೂ ಕೇಳಿದರು: ನೀನು? ಪಿಪ್ ತನ್ನದನ್ನು ಹೇಳಿದ. ಎರಡೂ ಬೇರೆ ಬೇರೆ ವಿಳಾಸ. ಒಬ್ಬ ರಸ್ತೆಯ ಈ ಕಡೆ, ಇನ್ನೊಬ್ಬ ಆ ಕಡೆ. ಪ್ರತಿ ಪೈಥಾನಿಗೂ ತನ್ನದೇ ಒಂದು ಕಪಾಟು ಇರುತ್ತದೆ. ಪಿಪ್ ಮಾಡ್ಯೂಲನ್ನು ತಂದು ಟೈಮಪ್ಪನವರ ಪೈಥಾನಿನ ಕಪಾಟಿನಲ್ಲಿ ಒಪ್ಪವಾಗಿ ಇಟ್ಟಿದ್ದ. ಕೂಗಿದಾಗ ತಲೆಯೆತ್ತುತ್ತಿದ್ದುದು ಬೇರೊಂದು ಪೈಥಾನ್. ಅದು ತನ್ನ ಕಪಾಟನ್ನು ನೋಡಿ ಪ್ರಾಮಾಣಿಕವಾಗಿ ಇಲ್ಲ ಅನ್ನುತ್ತಿತ್ತು. ತರಗತಿಯ ದಿನಗಳಿಂದ ಟೈಮಪ್ಪನವರು ಪ್ರೋಗ್ರಾಮು ಬರೆದು ಓಡಿಸುತ್ತಿದ್ದ ಕಿಟಕಿ ಬೇರೆ, ಅದಕ್ಕೆ ಅವರ ಪೈಥಾನ್ ಯಾವುದೆಂದು ಗೊತ್ತಿತ್ತು. ಸಭೆಯ ದಿನ ದೊಡ್ಡ ಸಾಹೇಬರು, "ಆ ಕಪ್ಪು ಕಿಟಕಿಯಲ್ಲಿ ಮಾಡಿ ತೋರ್ಸಿ, ಕೆಲಸ ಆಗ್ತಿರೋ ಹಾಗೆ ಕಾಣುತ್ತೆ" ಅಂದದ್ದೇ ಎಡವಟ್ಟಾಗಿತ್ತು.

ಹಾಗಾದರೆ ತಲೆಯೆತ್ತುತ್ತಿದ್ದ ಪೈಥಾನ್ ಯಾರದು? ವಿಳಾಸವನ್ನು ಹಿಡಿದು ಫೋಲ್ಡರಿನ ಬಾಗಿಲು ತೆಗೆದಾಗ ಟೈಮಪ್ಪನವರು ಗೊತ್ತಿಲ್ಲದೆಯೇ ಕುರ್ಚಿಯಿಂದ ಅರ್ಧ ಎದ್ದರು. ಫೋಲ್ಡರಿಗೆ ದೊಡ್ಡ ಸಾಹೇಬರ ಹೆಸರಿತ್ತು. ವಿಭಾಗದ ಮುಖ್ಯಸ್ಥರಾಗಿದ್ದಾಗ ಯಾವುದೋ ತರಬೇತಿಗೆ ಹೋಗಿ ಬಂದ ಹುರುಪಿನಲ್ಲಿ, ಸಿಬ್ಬಂದಿಯನ್ನೆಲ್ಲ ನಿಲ್ಲಿಸಿಕೊಂಡು, ಸ್ವಹಸ್ತದಿಂದ ಹಾಕಿದ ಪೈಥಾನ್ ಅದು. ಅಂದಿನಿಂದ ಇಂದಿನವರೆಗೆ ಅದು ಒಂದು ಕೆಲಸವನ್ನೂ ಮಾಡಿರಲಿಲ್ಲ. ಅದರ ಜತೆಗೆ ಪಿಪ್ ಕೂಡ ಇರಲಿಲ್ಲ. ಅಂದರೆ ಹೊಸದು ಯಾವುದನ್ನೂ ಒಳಗೆ ಬಿಟ್ಟುಕೊಳ್ಳುವ ಬಾಗಿಲೇ ಅದಕ್ಕಿರಲಿಲ್ಲ. ಆದರೆ ಕೂಗಿದಾಗ ಎಲ್ಲರಿಗಿಂತ ಮೊದಲು ಓ ಅನ್ನುವ ಹಕ್ಕು ಮಾತ್ರ ಭದ್ರವಾಗಿತ್ತು.

ಕಂಪ್ಯೂಟರಿನೊಳಗೆ ಒಂದು ಸಾಲು ಇರುತ್ತದೆ. ಒಂದು ಹೆಸರನ್ನು ಕೂಗಿದಾಗ ಮೊದಲು ಯಾವ ಫೋಲ್ಡರಿನಲ್ಲಿ ಹುಡುಕಬೇಕು, ಅಲ್ಲಿಲ್ಲದಿದ್ದರೆ ಮುಂದೆ ಎಲ್ಲಿ, ಅಂತ. ಟೈಮಪ್ಪನವರು ಆ ಸಾಲನ್ನು ತೆರೆದು ನೋಡಿದರು. ಮೇಲೆ ದೊಡ್ಡ ಸಾಹೇಬರದು, ಅದರ ಕೆಳಗೆ ತಮ್ಮದು, ಅದರ ಕೆಳಗೆ ತಾವೇ ಮೊನ್ನೆ ಹಾಕಿದ್ದು, ಎಲ್ಲಕ್ಕಿಂತ ಕೆಳಗೆ ಭಾಮೈದನದು. ಬಡ್ತಿಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆದ ಹಾಗಿತ್ತು. ಇದನ್ನು ಯಾವ ಮಹಾನುಭಾವ ಹೀಗೆ ಜೋಡಿಸಿದ ಎಂದು ಬೈಯಲು ಬಾಯಿ ತೆರೆದವರಿಗೆ ತಟ್ಟನೆ ನೆನಪಾಯಿತು. ಆ ಮಹಾನುಭಾವರು ತಾವೇ. ಮೊದಲ ಸಲ ತಮ್ಮ ಪೈಥಾನ್ ಹಾಕಿದಾಗ ಅದು ಯಾರನ್ನೂ ಕೇಳದೆ ಸಾಲಿನ ಮೇಲ್ತುದಿಗೆ ಹೋಗಿ ಕೂತಿತ್ತು. ದೊಡ್ಡ ಸಾಹೇಬರ ತಲೆಯ ಮೇಲೆ ಕೂತ ಹಾಗೆ ಕಂಡದ್ದರಿಂದ ಟೈಮಪ್ಪನವರು ತಾವೇ ಎತ್ತಿ ಕೆಳಗೆ ಕೂರಿಸಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ನೋಡಿರಲಿಲ್ಲ. ಆದರೂ ಕೂರಿಸಿದ್ದರು. ನಮ್ಮಂಥವರು ಕತ್ತಲೆ ಕೋಣೆಯಲ್ಲಿ ಒಬ್ಬರೇ ಇದ್ದಾಗಲೂ ಮೇಲಧಿಕಾರಿಯ ಫೋನು ಬಂದರೆ ಎದ್ದು ನಿಂತು ಮಾತಾಡುವುದಿಲ್ಲವೇ, ಹಾಗೆ.

ಅವರು ಓಡಿಹೋಗಿ ಭಾಮೈದನನ್ನು ಕರೆತಂದು ತೋರಿಸಿದರು. ಅವನು ನೋಡಿದ. ನೋಡಿ ಬಾಗಿಲು ಹಾಕಿದ. ಫೋಲ್ಡರಿನ ಬಾಗಿಲಲ್ಲ, ಕೋಣೆಯ ಬಾಗಿಲು.

"ಭಾವ, ಅದನ್ನ ಮಾತ್ರ ಮುಟ್ಬೇಡಿ."

"ಅಳಿಸೋದು ಬೇಡಪ್ಪ. ಸಾಲಿನಲ್ಲಿ ನಂದನ್ನ ಮೇಲೆ ತಂದ್ರೆ ಸಾಕು. ಅದು ಅಲ್ಲೇ ಕೆಳಗಿರ್ಲಿ."

"ಕೆಳಗೆ! ಕೇಳಿಸ್ಕೊಳ್ಳಿ ನೀವೇ ಏನ್ ಹೇಳ್ತಿದೀರಿ ಅಂತ. ನಮ್ಮ ವಿಭಾಗದಲ್ಲಿ ಅವರು ಒಂದು ಹೂವಿನ ಚಿತ್ರ ಪರದೆಗೆ ಹಾಕಿಹೋದ್ರು. ಆ ಪರದೆ ಕೆಟ್ಟು ಯಾವ ಕಾಲ ಆಯ್ತು, ಇನ್ನೂ ಎಸೆದಿಲ್ಲ. ಯಾಕೆ ಹೇಳಿ? ಹೂವು ಒಳಗಿದೆ ಅಂತ."

"ಇಲ್ದಿದ್ರೆ ನಾನು ನೆಲಮಾಳಿಗೆಗೆ ಹೋಗ್ತೀನಲ್ಲಯ್ಯ!"

"ಬೇರೆ ದಾರಿ ಇಲ್ವಾ? ಪೂರ್ತಿ ವಿಳಾಸ ಹಾಕಿ ಕರೀಬಹುದಲ್ಲ ನಿಮ್ಮದನ್ನೇ."

"ಕರೀಬಹುದು. ಆದ್ರೆ ನಾಳೆ ಟೈಪ್ ಮಾಡೋದು ನಾನಲ್ಲ, ಅವರು. ಬರೀ ಪೈಥಾನ್ ಅಂತ ಹೊಡೀತಾರೆ. ವಿಳಾಸ ಹಾಕಿ ಸರ್ ಅಂದ್ರೆ, ಯಾಕೆ, ನನ್ನ ಪೈಥಾನಿಗೆ ಏನಾಗಿದೆ ಅಂತಾರೆ. ಆಗ ಏನು ಹೇಳ್ಲಿ?"

ಭಾಮೈದ ಯೋಚಿಸಿದ. ಬಾಗಿಲು ತೆಗೆದ. "ನಾನು ಇವತ್ತು ಇಲ್ಲಿಗೆ ಬಂದಿರ್ಲಿಲ್ಲ ಭಾವ" ಎಂದು ಹೇಳಿ ಹೊರಟುಹೋದ.

ಟೈಮಪ್ಪನವರು ಗೋಡೆಯ ಗಡಿಯಾರಗಳನ್ನು ನೋಡುತ್ತ ಕೂತರು. ಮೇಲೆ ತಂದು ಸಾಹೇಬರಿಗೆ ಗೊತ್ತಾದರೆ ನೆಲಮಾಳಿಗೆ. ತರದಿದ್ದರೆ ಗೊತ್ತಾಗದೆಯೂ ನೆಲಮಾಳಿಗೆ. ಹಲಗೆಯ ಮೇಲೆ ಚೀಟಿ ಅಂಟಿಸುವ ಯಾವನೋ ಹುಡುಗ ಆಸ್ಪತ್ರೆಯ ಬಸ್ಸನ್ನು ಮತ್ತೆ ಖಾಲಿಯಾಗಿ ಓಡಿಸುತ್ತಾನೆ. ಚಪ್ಪಲಿ ಬಿಡುವಾಗಿನ ಆ ಮಾತನ್ನು ನಿವೃತ್ತಿಯವರೆಗೆ, ಆಮೇಲೂ, ಕೇಳುತ್ತಿರಬೇಕು. ಸಾಹೇಬರ ಸಿಟ್ಟು ಹೆಚ್ಚೋ ಹೆಂಡತಿಯ ಚಪ್ಪಲಿ ಹೆಚ್ಚೋ ಎಂದು ತೂಗಿ ನೋಡಿದರು. ಚಪ್ಪಲಿಯೇ ತೂಗಿತು.

ತಮ್ಮ ಸಾಲನ್ನು ಮೌಸಿನಿಂದ ಹಿಡಿದು ಮೇಲೆ ಒತ್ತಿದರು. ಒಂದು ಮೆಟ್ಟಿಲು. ಅಷ್ಟೇ. ಭೂಮಿ ಬಾಯಿ ಬಿಡಲಿಲ್ಲ. ಕಪ್ಪು ಕಿಟಕಿಗೆ ಹೋಗಿ ಪ್ರೋಗ್ರಾಮು ಓಡಿಸಿದರು. ಇಲ್ಲ ಎಂದಿತು.

ಟೈಮಪ್ಪನವರಿಗೆ ಅಳು ಬರುವುದೊಂದು ಬಾಕಿ. ಇಷ್ಟು ಧೈರ್ಯ ಮಾಡಿಯೂ! ಕೈ ಅಭ್ಯಾಸದಂತೆ ಇನ್ನೊಂದು ಪೈಥಾನ್ ಹಾಕುವುದಕ್ಕೆ ಹೊರಟಿತು. ಅದನ್ನು ತಡೆದು, ಆ ಕಿಟಕಿಗೇ ಸಾಲಿನಲ್ಲಿ ಯಾರ್ಯಾರಿದ್ದಾರೆ ಹೇಳು ಎಂದು ಕೇಳಿದರು. ಅದು ಹಳೆಯ ಸಾಲನ್ನೇ ಒಪ್ಪಿಸಿತು. ಬೆಳಿಗ್ಗೆ ತೆರೆದ ಕಿಟಕಿ ಅದು. ತೆರೆದಾಗ ಕಂಡ ಸಾಲನ್ನೇ ನೆಚ್ಚಿಕೊಂಡು ಕೂತಿತ್ತು, ಹೊರಗೆ ಲೋಕ ಬದಲಾದದ್ದು ಅದಕ್ಕೆ ತಿಳಿದಿರಲಿಲ್ಲ. ಕಂಪನಿಯಲ್ಲಿ ಇಷ್ಟು ವರ್ಷ ಇದ್ದ ಮೇಲೆ ಅದೂ ಹಾಗೆಯೇ ಆಗುವುದು ಸಹಜ. ಟೈಮಪ್ಪನವರು ಕಿಟಕಿ ಮುಚ್ಚಿ ಹೊಸದನ್ನು ತೆರೆದರು. ಓಡಿಸಿದರು. ಪಟ್ಟಿ ಜಲಪಾತದಂತೆ ಇಳಿಯಿತು. ಅವರು ಸುತ್ತಮುತ್ತ ನೋಡಿದರು. ಕೋಣೆಯಲ್ಲಿ ಯಾರೂ ಇರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಸಣ್ಣದಾಗಿ ವಂದಿಸಿದರು.

ಗುರುವಾರ ಸಭಾಂಗಣ ಹೋದ ಸಲಕ್ಕಿಂತ ಹೆಚ್ಚು ತುಂಬಿತ್ತು. ಒಬ್ಬ ಮನುಷ್ಯ ನೆಲಮಾಳಿಗೆಗೆ ಇಳಿಯುವುದನ್ನು ನೋಡಲು ಜನರಿಗೆ ಯಾವತ್ತೂ ಬಿಡುವಿರುತ್ತದೆ. ದೊಡ್ಡ ಸಾಹೇಬರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಒಂಟಿ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದರು. ಸಾಹೇಬರು ಕೊನೆಯ ಗುಂಡಿ ಒತ್ತಿದರು. ಬಿಳಿ ಸಾಲುಗಳು ಸರಸರನೆ ಇಳಿದವು. ಈ ಸಲ ಟಯರ್ ವಿಭಾಗದವರು ಚಪ್ಪಾಳೆ ತಟ್ಟಲಿಲ್ಲ. ಕೈಗಳನ್ನು ಮಡಿಲಿನಲ್ಲಿ ಭದ್ರವಾಗಿ ಇಟ್ಟುಕೊಂಡು ಸಾಹೇಬರ ಮುಖ ನೋಡಿದರು.

"ಇದು ವೇಳಾಪಟ್ಟೀನಾ?" ಎಂದರು ಸಾಹೇಬರು.

"ಹೌದು ಸರ್. ಈ ಸಲ ಇದೇ."

ಸಾಹೇಬರು ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಸಾಹೇಬರು ಸಭೆಯ ಕಡೆ ತಿರುಗಿ ಕೈಯೆತ್ತಿದರು. "ನೋಡಿದ್ರಾ? ನಾನು ವಿಭಾಗದಲ್ಲಿದ್ದಾಗ ಈ ಕೈಯಾರೆ ಹಾಕಿದ ಪೈಥಾನ್ ಇದು. ಎಷ್ಟು ಜನ ಬಂದ್ರು, ಎಷ್ಟು ಜನ ಹೋದ್ರು. ಇವತ್ತಿಗೂ ಕಲ್ಲಿನ ಹಾಗಿದೆ. ಕೆಲಸ ಅಂದ್ರೆ ಹೀಗಿರ್ಬೇಕು."

ಭಾಮೈದ ಹಿಂದಿನ ಸಾಲಿನಲ್ಲಿ ಸೀಲಿಂಗ್ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಟೈಮಪ್ಪನವರು ಸಹಿಗೆ ಪೆನ್ನು ಮುಂದೆ ಹಿಡಿದರು.

"ಸೋಮವಾರದಿಂದ ಹೊಸ ಪಟ್ಟಿ ಜಾರಿ" ಎಂದು ಸಾಹೇಬರು ಅಲ್ಲೇ ಸಹಿ ಹಾಕಿದರು. "ಟೈಮಪ್ಪ ಇದ್ದಲ್ಲೇ ಇರ್ಲಿ. ವಿಭಾಗಕ್ಕೆ ನನ್ನ ಕಡೆಯಿಂದ ಇನ್ನೊಂದು ಗಡಿಯಾರ. ಕೆಳಗಿನ ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡೋಣ. ಈ ಕಂಪ್ಯೂಟರ್ ವಿಭಾಗದಲ್ಲಿ ಜನ ಜಾಸ್ತಿ ಇದಾರೆ ಅನ್ಸುತ್ತೆ."

ಭಾಮೈದನ ಕಣ್ಣು ಫ್ಯಾನಿನಿಂದ ಕೆಳಗಿಳಿಯಿತು.

ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದ ದೊಡ್ಡ ಸಾಹೇಬರು ಏನೋ ನೆನಪಾದಂತೆ ನಿಂತರು. ಇಡೀ ಸಭಾಂಗಣವೂ ಎದ್ದು ಕುರ್ಚಿಗಳ ಪಕ್ಕದಲ್ಲೇ ನಿಂತಿತು.

"ಅಲ್ರೀ ಟೈಮಪ್ಪ, ಅದೇ ಮಶೀನು, ಅದೇ ಪ್ರೋಗ್ರಾಮು. ಹೋದ ವಾರ ಯಾಕೆ ಇಲ್ಲ ಅಂತು ಅದು?"

ಹಿಂದಿನ ಸಾಲಿನಿಂದ ಭಾಮೈದ ಕಣ್ಣಿನಲ್ಲೇ ಬೇಡ, ಬೇಡ ಎಂದು ಸನ್ನೆ ಮಾಡುತ್ತಿದ್ದ. ವೈರು ಸಡಿಲವಿತ್ತು ಎಂದು ಹೇಳಿದ್ದರೆ ಆಗುತ್ತಿತ್ತು. ಕರೆಂಟು ಎಂದಿದ್ದರೂ ಆಗುತ್ತಿತ್ತು. ಟೈಮಪ್ಪನವರು ಕೈಕಟ್ಟಿಕೊಂಡು, ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹೇಳಿದರು:

"ಹೋದ ವಾರ ಅದು ಹಿರಿತನದ ಪ್ರಕಾರ ಕೆಲಸ ಮಾಡ್ತಿತ್ತು, ಸರ್."